ಮದ್ರಾಸಿನ ತಂತಿಯಿಂದ ಗೂಗಲ್ ಹುಡುಕಾಟದವರೆಗೆ: ಕನ್ನಡದ ಪುಟ ಯಾಕೆ ನಿಧಾನ, ಯಾಕೆ ಸಿಗಲ್ಲ?

ಓಎಂಆರ್ ಕಡೆ ಕೆಲಸ ಮುಗಿಸಿ ಬಸ್ಸಲ್ಲಿ ಕೂತು ಕೇಳ್ತಿರೋರಿಗೆ, ಅಂಬತ್ತೂರು, ಗಿಂಡಿ ಕಡೆಯವರಿಗೆ, ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದಿಬಿಡ್ತೀವಿ ಅನ್ನೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ವೆಬ್‌ಸೈಟಿನ ವೇಗ. ಅಯ್ಯೋ, ಆಫೀಸಲ್ಲಿ ದಿನಾ ಇದೇ ಮಾಡ್ತೀವಲ್ಲ ಅಂತೀರಾ? ನಿಜ. ನಮ್ಮಲ್ಲಿ ಎಷ್ಟೋ ಜನ ಯಾವುದೋ ದೇಶದ ಬ್ಯಾಂಕಿನ ಪುಟ ಅರ್ಧ ಸೆಕೆಂಡು ಬೇಗ ತೆರೆಯಲಿ ಅಂತ ವಾರಗಟ್ಟಲೆ ದುಡೀತೀವಿ. ಆದರೆ ಊರಿನ ಬಗ್ಗೆ, ಊರಿನ ಒಬ್ಬ ಲೇಖಕರ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಏನು ಸಿಗುತ್ತೆ? ಒಂದೋ ಏನೂ ಸಿಗಲ್ಲ, ಇಲ್ಲಾ ಸಿಕ್ಕಿದ್ದು ತೆರೆಯೋಷ್ಟರಲ್ಲಿ ಬಸ್ ಸ್ಟಾಪ್ ಬಂದಿರುತ್ತೆ.

ಇದಕ್ಕೆ ಕಾರಣ ಹುಡುಕ್ತಾ ಹೋದರೆ ಒಂದು ಇತಿಹಾಸ ಸಿಗುತ್ತೆ. ಅದರ ದೊಡ್ಡ ಭಾಗ ನಾವೀಗ ಬದುಕ್ತಿರೋ ಈ ಊರಿನ ಕಡಲತೀರದಲ್ಲೇ ನಡೆದಿದೆ. ಮಾತು ದೂರ ಹೋಗಬೇಕು ಅಂದರೆ ಮೂರು ವಿಷಯ ನೋಡಬೇಕು: ದೂರ ಎಷ್ಟು, ಭಾರ ಎಷ್ಟು, ಆ ಕಡೆ ಇರೋರಿಗೆ ಇದು ಯಾರ ಮಾತು ಅಂತ ಗುರುತು ಸಿಗುತ್ತಾ. 150 ವರ್ಷದಿಂದ ಇದೇ ಮೂರು ಲೆಕ್ಕ. ಇವತ್ತು ಎಸ್‌ಇಒ ಅನ್ನೋ ಹೆಸರಲ್ಲಿ ನಾವು ಮಾಡೋದೂ ಇದನ್ನೇ. ಇದರಲ್ಲಿ ಕನ್ನಡ ಯಾವುದನ್ನು ಗೆದ್ದಿತು, ಯಾವುದರಲ್ಲಿ ಸೋತಿತು ಅನ್ನೋದೇ ಇವತ್ತಿನ ಕಥೆ.

ಪದಕ್ಕಿಷ್ಟು ದುಡ್ಡು

1870ರಲ್ಲಿ ಸೂಯೆಜ್, ಏಡನ್ ದಾರಿಯಾಗಿ ಬಾಂಬೆಗೆ ಸಮುದ್ರದೊಳಗಿನ ಟೆಲಿಗ್ರಾಫ್ ಕೇಬಲ್ ಬಂತು. ಅದರ ಬೆನ್ನಲ್ಲೇ, 1870-71ರಲ್ಲಿ, ಬ್ರಿಟಿಷ್ ಇಂಡಿಯನ್ ಎಕ್ಸ್‌ಟೆನ್ಷನ್ ಟೆಲಿಗ್ರಾಫ್ ಕಂಪನಿ ಮದ್ರಾಸಿನಿಂದ ಪಿನಾಂಗಿಗೆ, ಅಲ್ಲಿಂದ ಸಿಂಗಾಪುರಕ್ಕೆ ಕೇಬಲ್ ಎಳೆಯಿತು. 1872ರ ಹೊತ್ತಿಗೆ ಅದೇ ಸರಣಿ ಆಸ್ಟ್ರೇಲಿಯಾ ಮುಟ್ಟಿತ್ತು. ಅಂದರೆ ಲಂಡನ್ನಿಗೂ ಪೂರ್ವ ದೇಶಗಳಿಗೂ ನಡುವಿನ ಒಂದು ಮುಖ್ಯ ಗಂಟು ಮದ್ರಾಸ್. ಆಗ ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಇದ್ದವು. ನಮ್ಮವರಿಗೆ ಈ ಊರು ರಾಜಧಾನಿಯೇ ಆಗಿತ್ತು.

ತಂತಿಯ ಲೆಕ್ಕ ಪದದ ಮೇಲೆ. ಹೆಚ್ಚು ಪದ ಅಂದರೆ ಹೆಚ್ಚು ದುಡ್ಡು. ವ್ಯಾಪಾರಿಗಳು ಸುಮ್ಮನಿರ್ತಾರಾ? ಕೋಡ್ ಪುಸ್ತಕಗಳು ಬಂದವು. ಒಂದು ಇಡೀ ವಾಕ್ಯಕ್ಕೆ, ಅಂದರೆ ‘ಸರಕು ಹಡಗಿಗೆ ಹತ್ತಿದೆ, ಹಣ ಕಳಿಸಿ’ ಅನ್ನೋಂಥದ್ದಕ್ಕೆ, ಒಂದೇ ಒಂದು ಪದ. ಎರಡೂ ಕಡೆ ಅದೇ ಪುಸ್ತಕ ಇದ್ದರೆ ಆಯ್ತು, ಬಿಡಿಸಿ ಓದ್ಕೋಬಹುದು. ನಾವಿವತ್ತು ಜಿಜಿಪ್ ಅಂತ ಪುಟವನ್ನು ಹಿಂಡಿ ಕಳಿಸ್ತೀವಲ್ಲ, ಮೂಲ ಉಪಾಯ ಅದೇ. ಹಾಗೇ ವಿಳಾಸಕ್ಕೂ ಪದದ ಲೆಕ್ಕವೇ ಇತ್ತು. ಬೀದಿ, ಬಾಗಿಲು ನಂಬರು ಎಲ್ಲ ಬರೆಯೋ ಬದಲು ಕಂಪನಿಗಳು ಒಂದು ಚಿಕ್ಕ ತಂತಿ ವಿಳಾಸ ನೋಂದಾಯಿಸಿಕೊಳ್ತಿದ್ದವು. ಇವತ್ತಿನ ಡೊಮೇನ್ ಹೆಸರಿನ ಅಜ್ಜ ಅದು. ಹಳೇ ಅಂಗಡಿಗಳ ಲೆಟರ್‌ಹೆಡ್ಡಿನಲ್ಲಿ ‘ಗ್ರಾಮ್ಸ್’ ಅಂತ ಒಂದು ಪದ ಇರ್ತಿತ್ತು, ನೋಡಿದ್ದೀರಾ? ಅದೇ ಇದು.

ಇಲ್ಲಿ ಮೂರನೇ ವಿಷಯ ಗಮನಿಸಿ. ಈ ತಂತಿ ಹೊತ್ತಿದ್ದು ರೋಮನ್ ಅಕ್ಷರಗಳನ್ನ. ಕನ್ನಡದ ಮಾತು ಹೋಗಬೇಕಾದರೆ ರೋಮನ್ ವೇಷ ಹಾಕ್ಕೊಂಡೇ ಹೋಗಬೇಕು. ಈ ವೇಷವನ್ನ ನೆನಪಿಟ್ಕೊಳ್ಳಿ, ನೂರಿಪ್ಪತ್ತು ವರ್ಷ ಆದಮೇಲೆ ಮತ್ತೆ ಬರುತ್ತೆ.

ಡಯಲ್-ಅಪ್ ಕಾಲದ ಭಾರ

ಈಗ ನೇರ 1980ರ ದಶಕಕ್ಕೆ ಬರೋಣ. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಐಐಎಸ್ಸಿಯ ಜೊತೆ ಮದ್ರಾಸಿನ ಐಐಟಿಯೂ ಇತ್ತು. ಆದರೆ ಅದು ಸಂಶೋಧಕರ ಜಾಲ. ಸಾಮಾನ್ಯ ಜನಕ್ಕೆ ಇಂಟರ್ನೆಟ್ ಬಂದಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮೊದಲ ಊರುಗಳಲ್ಲಿ ಮದ್ರಾಸೂ ಒಂದು. ಆಗಿನ್ನೂ ಹೆಸರು ಚೆನ್ನೈ ಆಗಿರಲಿಲ್ಲ, ಅದು ಮರುವರ್ಷ.

ಆಗಿನ ಸಾಮಾನ್ಯ ಸಂಪರ್ಕದ ವೇಗ ಸೆಕೆಂಡಿಗೆ 9,600 ಬಿಟ್. ಲೆಕ್ಕ ಹಾಕಿ: ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಹೆಚ್ಚೆಂದರೆ 1,200 ಬೈಟ್. 60 ಕಿಲೋಬೈಟಿನ ಒಂದು ಚಿತ್ರ ಇಳಿಯೋಕೆ 50 ಸೆಕೆಂಡು. ಅದೂ ಲೈನು ಕಟ್ ಆಗದಿದ್ದರೆ, ಮನೇಲಿ ಯಾರೂ ಫೋನ್ ಎತ್ತದಿದ್ದರೆ.

ಇಂಥ ಕಾಲದಲ್ಲೇ, 1996ರಲ್ಲಿ, ಡಾ. ಯು.ಬಿ. ಪವನಜ ಅವರ ‘ವಿಶ್ವ ಕನ್ನಡ’ ಬಂತು. ಕನ್ನಡದ ಮೊದಲ ವೆಬ್‌ಸೈಟ್ ಅಂತ ಅದನ್ನು ಗುರುತಿಸ್ತಾರೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಆಧಾರವಾಗಿಟ್ಟುಕೊಂಡು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಅಮೆರಿಕದಲ್ಲಿ, ಗಲ್ಫಿನಲ್ಲಿ, ಇಲ್ಲಿ ಚೆನ್ನೈಯಲ್ಲಿ ಕೂತ ಕನ್ನಡಿಗರು ಮೊದಲ ಸಲ ತಮ್ಮ ಭಾಷೆಯಲ್ಲಿ ಟೈಪ್ ಮಾಡಿದ್ದು ಇವುಗಳಿಂದ. ಆ ಉಪಕಾರ ಸಣ್ಣದಲ್ಲ.

ಆದರೆ ಆ ತಂತ್ರದ ಒಳಗೆ ಒಂದು ಸಮಸ್ಯೆ ಇತ್ತು. ಕಂಪ್ಯೂಟರಿಗೆ ಆಗ ಕನ್ನಡ ಅನ್ನೋ ಅಕ್ಷರವೇ ಗೊತ್ತಿಲ್ಲ. ಹಾಗಾಗಿ ಫಾಂಟ್ ಮಾಡಿದವರು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನ ಕೂರಿಸಿದರು. ಪರದೆ ಮೇಲೆ ‘ಕನ್ನಡ’ ಅಂತ ಕಾಣುತ್ತೆ. ಒಳಗೆ ಇರೋದು ಏನು ಗೊತ್ತಾ? ಇಂಗ್ಲಿಷಿನ ‘ಪಿ’, ತಲೆ ಮೇಲೆ ಗೀಟಿರೋ ‘ಎ’, ಪೌಂಡ್ ಚಿಹ್ನೆ, ಮತ್ತೆ ಅದೇ ಗೀಟಿನ ‘ಎ’, ಒಂದು ಜರ್ಮನ್ ಅಕ್ಷರ, ‘ಕ್ಯೂ’, ಕೊನೆಗೆ ಇನ್ನೊಂದು ಗೀಟಿನ ‘ಎ’. ಊರಿಂದ ಬಂದ ನುಡಿ ಫೈಲನ್ನ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದೋರಿಗೆಲ್ಲ ಈ ಚಿತ್ರಾನ್ನ ಪರಿಚಯ ಇದೆ. ತಂತಿ ಕಾಲದ ರೋಮನ್ ವೇಷ ಅಂದೆನಲ್ಲ, ಅದು ಹೀಗೆ ವಾಪಸ್ ಬಂತು.

ಎಲ್ಲರ ಕಂಪ್ಯೂಟರಲ್ಲೂ ಆ ಫಾಂಟ್ ಇರಲ್ಲ. ಹಾಗಾಗಿ ಕೆಲವರು ಪುಟದ ಜೊತೆಗೇ ಫಾಂಟ್ ಕಳಿಸಿದರು, ಕೆಲವರು ಅಕ್ಷರವನ್ನೇ ಚಿತ್ರ ಮಾಡಿ ಹಾಕಿದರು. ಎರಡರಿಂದಲೂ ಭಾರ ಜಾಸ್ತಿ. ಬಡ ಲೈನು, ಭಾರದ ಪುಟ.

ಹುಡುಕುವ ಯಂತ್ರ ಬಂತು, ಕನ್ನಡ ಕಾಣಲಿಲ್ಲ

ಗೂಗಲ್ ಕಂಪನಿ ಹುಟ್ಟಿದ್ದು 1998ರಲ್ಲಿ. ನಮ್ಮ ಚೆನ್ನೈಗೂ ಇದರಲ್ಲಿ ಒಂದು ಪಾತ್ರ ಇದೆ. ಇಲ್ಲಿನ ಸತ್ಯಂ ಇನ್ಫೋವೇ, ಅಂದರೆ ಮುಂದೆ ಸಿಫಿ ಅಂತ ಹೆಸರಾದ ಕಂಪನಿ, 1999ರ ಅಕ್ಟೋಬರಿನಲ್ಲಿ ನಾಸ್ಡಾಕ್‌ನಲ್ಲಿ ಪಟ್ಟಿಯಾಯ್ತು. ಮುಂದಿನ ತಿಂಗಳೇ ರಾಜೇಶ್ ಜೈನ್ ಅವರ ಇಂಡಿಯಾವರ್ಲ್ಡ್ ಅನ್ನು ಸುಮಾರು 499 ಕೋಟಿ ರೂಪಾಯಿಗೆ ಕೊಳ್ಳೋ ಒಪ್ಪಂದ ಮಾಡ್ಕೊಂಡಿತು. ಅದರಲ್ಲಿ ‘ಖೋಜ್’ ಅನ್ನೋ ಭಾರತೀಯ ಹುಡುಕುತಾಣವೂ ಇತ್ತು. ಹುಡುಕಾಟ ಅನ್ನೋದು ದುಡ್ಡಿನ ವಿಷಯ ಅಂತ ಚೆನ್ನೈಗೆ ಆಗಲೇ ಗೊತ್ತಾಗಿತ್ತು.

ಹುಡುಕುವ ಯಂತ್ರಕ್ಕೆ ಕಣ್ಣಿಲ್ಲ. ಅದು ಫಾಂಟ್ ನೋಡಲ್ಲ, ಕೆಳಗಿರೋ ಸಂಕೇತ ಓದುತ್ತೆ. ನೀವು ಕುವೆಂಪು ಬಗ್ಗೆ ಹತ್ತು ಪುಟ ಬರೆದಿದ್ದರೂ ಅದಕ್ಕೆ ಕಂಡಿದ್ದು ಪೌಂಡ್ ಚಿಹ್ನೆ, ಗೀಟಿನ ‘ಎ’ಗಳ ರಾಶಿ. ಚಿತ್ರ ಮಾಡಿ ಹಾಕಿದ್ದರೆ ಅದೂ ಇಲ್ಲ. ಒಂದು ಕಂಪನಿಯ ಫಾಂಟಿಗೆ ಒಂದು ಸಂಕೇತ, ಇನ್ನೊಂದಕ್ಕೆ ಇನ್ನೊಂದು. ಕೋಡ್ ಪುಸ್ತಕ ಎರಡೂ ಕಡೆ ಒಂದೇ ಇರಬೇಕು ಅನ್ನೋ ತಂತಿ ಕಾಲದ ನಿಯಮವೇ ಇಲ್ಲಿ ಮುರಿದುಹೋಗಿತ್ತು. ಈ ಸ್ಥಿತಿಯಲ್ಲಿ ಮೊದಲ ಸ್ಥಾನ, ಹತ್ತನೇ ಸ್ಥಾನ ಅನ್ನೋ ಮಾತೇ ಇಲ್ಲ. ಪಂದ್ಯಕ್ಕೆ ಹೆಸರೇ ನೋಂದಣಿ ಆಗಿರಲಿಲ್ಲ.

ಇದು ಕನ್ನಡದ್ದೊಂದೇ ಕಷ್ಟ ಆಗಿರಲಿಲ್ಲ. ತಮಿಳಿನವರಿಗೂ ಇದೇ ಗೊಂದಲ. ಅದಕ್ಕೇ 1999ರ ಫೆಬ್ರವರಿಯಲ್ಲಿ ಇದೇ ಚೆನ್ನೈಯಲ್ಲಿ ‘ತಮಿಳ್‌ನೆಟ್ 99’ ಸಮ್ಮೇಳನ ನಡೆಯಿತು. ಕೀಲಿಮಣೆಗೆ ಒಂದು ಮಾನಕ, ಅಕ್ಷರ ಸಂಕೇತಕ್ಕೆ ಮಾನಕ ಅಂತ ಸರ್ಕಾರವೇ ಮುಂದೆ ನಿಂತು ತೀರ್ಮಾನ ಮಾಡಿಸಿತು. ಆ ಸಂಕೇತಗಳೂ ಮುಂದೆ ಯುನಿಕೋಡಿಗೆ ಜಾಗ ಬಿಡಬೇಕಾಯ್ತು. ಆದರೆ ದೇಶ ವಿದೇಶದ ತಮಿಳರು ಒಂದೆಡೆ ಕೂತು, ಎಲ್ಲರೂ ಒಂದೇ ಸಂಕೇತ ಬಳಸೋಣ ಅಂತ ಮಾತಾಡಿದ್ದರಲ್ಲ, ಅದರಲ್ಲಿ ನಾವು ಕಲಿಯೋದಿದೆ.

ಯುನಿಕೋಡ್ ಕೊಟ್ಟ ಗುರುತು

ಯುನಿಕೋಡಿನ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತು, ಅದರಲ್ಲಿ ಕನ್ನಡಕ್ಕೆ ಸ್ವಂತ ಜಾಗವೂ ಇತ್ತು. ಆದರೆ ಜಾಗ ಇದ್ದರೆ ಸಾಕಾ? ಮನೆ ಕಂಪ್ಯೂಟರಿಗೆ ಅದು ಬರೋಕೆ 2001ರ ವಿಂಡೋಸ್ ಎಕ್ಸ್‌ಪಿ, ಅದರ ತುಂಗಾ ಫಾಂಟ್ ಬರಬೇಕಾಯ್ತು. ಅದೂ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಟಿಕ್ ಹಾಕಿ, ಎಕ್ಸ್‌ಪಿ ಸಿಡಿ ತುರುಕಿ, ಆಮೇಲೆ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯ್ತು. ಅಲ್ಲಿ ಬರೆದ ಪ್ರತಿ ಪದವೂ ಹುಡುಕುವ ಯಂತ್ರಕ್ಕೆ ಪದವಾಗಿಯೇ ಕಂಡಿತು.

ಲೆಕ್ಕ ನೋಡಿ. 1991ರಿಂದ ಹಿಡಿದು ಜನ ನಿಜವಾಗಿ ಬಳಸೋವರೆಗೆ ಹತ್ತು ಹದಿನೈದು ವರ್ಷ ಹೋಯ್ತು. ಆ ಅವಧಿಯಲ್ಲಿ ಕನ್ನಡದಲ್ಲಿ ಬರೆದದ್ದು, ಟೈಪಾದದ್ದು, ಪುಟವಿನ್ಯಾಸ ಆದದ್ದು ಹೆಚ್ಚಿನದ್ದು ಹಳೇ ಫಾಂಟುಗಳಲ್ಲಿ. ಪುಸ್ತಕ, ಸಂಘದ ಸ್ಮರಣ ಸಂಚಿಕೆ, ಪಿಎಚ್‌ಡಿ ಪ್ರಬಂಧ, ಜಾತ್ರೆ ಕರಪತ್ರ ಎಲ್ಲ. ಪರಿವರ್ತನೆ ಆಗದ್ದು ಇವತ್ತಿಗೂ ಹುಡುಕಿದರೆ ಸಿಗಲ್ಲ. ಇಡೀ ಮಾತಿನಲ್ಲಿ ನನಗೆ ಮುಖ್ಯ ಅನ್ನಿಸೋದು ಇದು. ನಿಧಾನದ ಪುಟಕ್ಕೆ ಓದುಗ ಕಾಯಬಹುದು. ಗುರುತೇ ಇಲ್ಲದ ಪುಟಕ್ಕೆ ಓದುಗನೇ ಬರಲ್ಲ.

ಮತ್ತೆ ಕಡಲತೀರಕ್ಕೆ: ದೂರದ ಲೆಕ್ಕ

ಅಷ್ಟರಲ್ಲಿ ಹಳೇ ಟೆಲಿಗ್ರಾಫ್ ದಾರಿಯಲ್ಲೇ ಹೊಸ ಗಾಜಿನ ಎಳೆಗಳು ಬಂದವು. 2002ರಲ್ಲಿ ಭಾರ್ತಿ ಮತ್ತು ಸಿಂಗ್‌ಟೆಲ್ ಸೇರಿ ಹಾಕಿದ ಐ2ಐ ಕೇಬಲ್, ಚೆನ್ನೈಯಿಂದ ಸಿಂಗಾಪುರಕ್ಕೆ ಸುಮಾರು 3,200 ಕಿಲೋಮೀಟರ್. 2004ರಲ್ಲಿ ಟಾಟಾದವರ ಇನ್ನೊಂದು, ಅದೂ ಚೆನ್ನೈ–ಸಿಂಗಾಪುರ. 2005ರಲ್ಲಿ ಸೀ-ಮೀ-ವೀ 4, ಸಿಂಗಾಪುರದಿಂದ ಫ್ರಾನ್ಸ್‌ವರೆಗೆ ಸುಮಾರು 18,800 ಕಿಲೋಮೀಟರ್. ಅದು ಮುಂಬೈಯಲ್ಲೂ ಚೆನ್ನೈಯಲ್ಲೂ ದಡ ಹತ್ತುತ್ತೆ. 1870ರ ನಕ್ಷೆ, 2002ರ ನಕ್ಷೆ ಪಕ್ಕಪಕ್ಕ ಇಟ್ಟರೆ ಮದ್ರಾಸ್–ಸಿಂಗಾಪುರದ ಗೆರೆ ಅದೇ.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಸಿಂಗಾಪುರಕ್ಕೆ ಹೋಗಿ ಬರೋಕೆ ಕನಿಷ್ಠ 32 ಮಿಲಿಸೆಕೆಂಡು. ಇನ್ನು ಸರ್ವರ್ ಅಮೆರಿಕದಲ್ಲಿದೆ, ಕೇಬಲ್ ದಾರಿ 15,000 ಕಿಲೋಮೀಟರ್ ಅಂತಿಟ್ಕೊಳ್ಳಿ: ಹೋಗಿ ಬರೋಕೆ 150 ಮಿಲಿಸೆಕೆಂಡು. ಇದಕ್ಕಿಂತ ಬೇಗ ಯಾರಿಂದಲೂ ಆಗಲ್ಲ, ಅದು ಬೆಳಕಿನ ಮಿತಿ. ಒಂದು ಸಲ ಹೋಗಿ ಬಂದರೆ ಮುಗೀತಾ? ಇಲ್ಲ. ಮೊದಲು ಕೈಕುಲುಕಬೇಕು, ಆಮೇಲೆ ಬೀಗ-ಬೀಗದಕೈ ಮಾತುಕತೆ, ಆಮೇಲೆ ಪುಟ ಕೇಳಬೇಕು. ಹಳೇ ಪದ್ಧತಿಯಲ್ಲಿ ನಾಲ್ಕು ಓಡಾಟ, ಅಂದರೆ 600 ಮಿಲಿಸೆಕೆಂಡು. ಇನ್ನೂ ಒಂದು ಅಕ್ಷರ ಬಂದಿಲ್ಲ! 2018ರಲ್ಲಿ ಬಂದ ಟಿಎಲ್‌ಎಸ್ 1.3 ಇದರಲ್ಲಿ ಒಂದು ಓಡಾಟ ಉಳಿಸಿತು. ಎಚ್‌ಟಿಟಿಪಿ 3 ಇನ್ನೂ ಕಡಿಮೆ ಮಾಡಿತು. ಅದೇ ಸರ್ವರ್ ಚೆನ್ನೈಯಲ್ಲಿದ್ದು ಓದುಗ ಬೆಂಗಳೂರಲ್ಲಿದ್ದರೆ? 350 ಕಿಲೋಮೀಟರ್ ದೂರಕ್ಕೆ ನಾಲ್ಕು ಓಡಾಟ ಸೇರಿಸಿದರೂ ಬೆಳಕಿನ ಲೆಕ್ಕದಲ್ಲಿ 14 ಮಿಲಿಸೆಕೆಂಡು.

ಇಷ್ಟಿದ್ದೂ ಒಂದು ಕಾಲದಲ್ಲಿ ಒಂದೇ ಊರಿನ ಎರಡು ಕಂಪನಿಗಳ ಗ್ರಾಹಕರ ನಡುವಿನ ಮಾಹಿತಿ ವಿದೇಶ ಸುತ್ತಿ ಬರ್ತಿತ್ತು. ಅದನ್ನು ತಪ್ಪಿಸೋಕೇ 2003ರಲ್ಲಿ ನಿಕ್ಸಿ ಸ್ಥಾಪನೆಯಾಯ್ತು. ಅದರ ಮೊದಮೊದಲ ಕೇಂದ್ರಗಳಲ್ಲಿ ಚೆನ್ನೈಯೂ ಇತ್ತು.

ಪ್ರತಿ ಊರಲ್ಲೂ ನಕಲು ಇಡೋ ಸಿಡಿಎನ್ ಅನ್ನೋ ಉಪಾಯವೂ ಚೆನ್ನೈ ಕನ್ನಡಿಗರಿಗೆ ಹೊಸದಲ್ಲ. ಒಂದು ಕಾಲದಲ್ಲಿ ಕನ್ನಡ ಸಿನಿಮಾ ತಯಾರಾಗ್ತಿದ್ದದ್ದು ಇಲ್ಲಿನ ಕೋಡಂಬಾಕ, ವಡಪಳನಿಯ ಸ್ಟುಡಿಯೋಗಳಲ್ಲಿ. ಮೈಸೂರಿನ ಪ್ರೇಕ್ಷಕ ಸಿನಿಮಾ ನೋಡೋಕೆ ಮದ್ರಾಸಿಗೆ ಬರಬೇಕಿತ್ತಾ? ಪ್ರಿಂಟು ಹಾಕಿಸಿ, ಡಬ್ಬದಲ್ಲಿ ಅವನೂರಿನ ಟಾಕೀಸಿಗೇ ಕಳಿಸ್ತಿದ್ದರು. ಸಿಡಿಎನ್ ಅಂದರೆ ಪುಟದ ಪ್ರಿಂಟನ್ನ ಊರೂರಿನ ಟಾಕೀಸಲ್ಲಿ ಇಡೋದು, ಅಷ್ಟೇ.

ಗೂಗಲ್ ವೇಗಕ್ಕೆ ಎಷ್ಟು ಬೆಲೆ ಕೊಡುತ್ತೆ?

ಈಗ ಎಲ್ಲರೂ ಕೇಳೋ ಪ್ರಶ್ನೆ. ವೇಗ ಹೆಚ್ಚಿಸಿದರೆ ಮೇಲೆ ಬರ್ತೀವಾ? ಇತಿಹಾಸ ನೋಡಿ.

2010ರ ಏಪ್ರಿಲ್‌ನಲ್ಲಿ ಗೂಗಲ್ ಮೊದಲ ಸಲ, ಸೈಟಿನ ವೇಗವನ್ನೂ ಲೆಕ್ಕಕ್ಕೆ ತಗೋತೀವಿ ಅಂತ ಹೇಳಿತು. ಜೊತೆಗೇ ಹೇಳಿದ್ದು: ಇದರಿಂದ ಬದಲಾಗೋದು ಶೇಕಡ 1ಕ್ಕಿಂತ ಕಡಿಮೆ ಹುಡುಕಾಟ. 2014ರಲ್ಲಿ ಎಚ್‌ಟಿಟಿಪಿಎಸ್ ಸೇರಿತು, ಅದೂ ಹಗುರವಾದ ಅಂಶವಾಗಿ. 2015ರ ಏಪ್ರಿಲ್ 21ಕ್ಕೆ ಮೊಬೈಲಲ್ಲಿ ಸರಿಯಾಗಿ ಕಾಣೋ ಪುಟಗಳಿಗೆ ಮೊಬೈಲ್ ಹುಡುಕಾಟದಲ್ಲಿ ಆದ್ಯತೆ ಬಂತು. 2018ರ ಜುಲೈಯಲ್ಲಿ ಮೊಬೈಲ್ ವೇಗ ಸೇರಿತು. ತೀರಾ ನಿಧಾನ ಇರೋ ಪುಟಕ್ಕೆ ಮಾತ್ರ ಪೆಟ್ಟು ಅಂದರು. 2021ರ ಮಧ್ಯದಲ್ಲಿ ಕೋರ್ ವೆಬ್ ವೈಟಲ್ಸ್ ಬಂತು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಓದ್ತಾ ಇರುವಾಗ ಸಾಲುಗಳು ಜಿಗಿಯಬಾರದು, ಮುಟ್ಟಿದರೆ ತಡವಿಲ್ಲದೆ ಓಗೊಡಬೇಕು. ಈ ಮೂರನೇ ಅಳತೆ 2024ರ ಮಾರ್ಚಿನಲ್ಲಿ ಐಎನ್‌ಪಿ ಆಯ್ತು, ಮಿತಿ 200 ಮಿಲಿಸೆಕೆಂಡು.

ಇದರಿಂದ ಏನು ತಿಳೀತು? ಗೂಗಲ್ ಮೊದಲಿಂದ ಹೇಳಿದ್ದು ಒಂದೇ: ಹುಡುಕಿದವನಿಗೆ ಬೇಕಾದ ವಿಷಯ ನಿಮ್ಮಲ್ಲಿದ್ದರೆ ಅದೇ ಮುಖ್ಯ, ವೇಗ ಆಮೇಲಿನ ಮಾತು. ‘ವೇಗ ಹೆಚ್ಚಿಸಿ, ಮೊದಲ ಸ್ಥಾನ ಗ್ಯಾರಂಟಿ’ ಅಂತ ಪ್ಯಾಕೇಜ್ ಮಾರೋರನ್ನ ನಂಬಬೇಡಿ. ಆದರೆ ಓದುಗ ಕಾಯಲ್ಲ ಅನ್ನೋದು ಗೂಗಲ್ ಹೇಳಿದರೂ ನಿಜ, ಹೇಳದಿದ್ದರೂ ನಿಜ.

ಕನ್ನಡಕ್ಕೇ ಇರೋ ನಾಲ್ಕು ಭಾರ

ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಸಾಮಾನ್ಯವಾಗಿ ಬರದೇ ಇರೋದನ್ನ ಹೇಳ್ತೀನಿ.

ಮೊದಲನೇದು ಬೈಟು. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ್ದಕ್ಕೆ 3. ‘ಚೆನ್ನೈ’ ಅಂತ ಇಂಗ್ಲಿಷಲ್ಲಿ ಬರೆದರೆ 7 ಬೈಟ್, ಕನ್ನಡದಲ್ಲಿ 18. ಹೆದರಬೇಡಿ, ಕನ್ನಡದ ಪ್ರತಿ ಅಕ್ಷರದ ಮೂರರಲ್ಲಿ ಮೊದಲೆರಡು ಬೈಟ್ ಹೆಚ್ಚುಕಡಿಮೆ ಒಂದೇ ಆಗಿರೋದ್ರಿಂದ ಜಿಜಿಪ್ ಅದನ್ನ ಚೆನ್ನಾಗಿ ಹಿಂಡುತ್ತೆ. ಸರ್ವರಲ್ಲಿ ಅದು ಆನ್ ಆಗಿದೆಯಾ ಅಂತ ನೋಡಿ. ಇಂಗ್ಲಿಷ್ ಸೈಟಿಗಿಂತ ಕನ್ನಡ ಸೈಟಿಗೆ ಇದರ ಲಾಭ ಹೆಚ್ಚು.

ಎರಡನೇದು ಫಾಂಟು. ಗುಣಿತ, ಒತ್ತು ಎಲ್ಲ ಸೇರಿ ಕನ್ನಡ ಫಾಂಟಿಗೆ ನೂರಾರು ಆಕಾರ ಬೇಕು. ನಾಲ್ಕು ದಪ್ಪದ ನಾಲ್ಕು ಫೈಲ್ ಹಾಕಿದರೆ ಪುಟಕ್ಕಿಂತ ಫಾಂಟೇ ಭಾರ. ಇವತ್ತಿನ ಫೋನುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತೆ, ಅದನ್ನೇ ಬಳಸಿ. ಬೇಕೇ ಬೇಕು ಅಂದರೆ ಒಂದೇ ದಪ್ಪ, ವಾಫ್ 2 ರೂಪದಲ್ಲಿ. ಇಲ್ಲಾಂದರೆ ಫಾಂಟ್ ಬಂದ ಕೂಡಲೇ ಸಾಲುಗಳೆಲ್ಲ ಜಿಗಿದು, ಓದ್ತಿದ್ದ ಜಾಗವೇ ತಪ್ಪಿಹೋಗುತ್ತೆ.

ಮೂರನೇದು ವಿಳಾಸ. ಪುಟದ ಕೊಂಡಿಯಲ್ಲಿ ಕನ್ನಡ ಹಾಕಿದರೆ ನಕಲು ಮಾಡಿ ಕಳಿಸುವಾಗ ಒಂದೊಂದು ಸಂಕೇತವೂ 9 ಅಕ್ಷರ ಆಗಿಬಿಡುತ್ತೆ. ‘ಕನ್ನಡ’ ಅನ್ನೋ ಪದವೊಂದೇ 45. ವಾಟ್ಸ್ಆ್ಯಪಲ್ಲಿ ಬಂದ ಆ ಉದ್ದನೆಯ ಶೇಕಡಾ ಚಿಹ್ನೆಗಳ ರೈಲನ್ನ ಯಾರು ಒತ್ತುತ್ತಾರೆ? ತಂತಿ ವಿಳಾಸದ ಪಾಠ ನೆನಪಿಸ್ಕೊಳ್ಳಿ, ಚಿಕ್ಕದಾಗಿಡಿ. ಶೀರ್ಷಿಕೆ ಮಾತ್ರ ಕನ್ನಡದಲ್ಲೇ ಇರಲಿ.

ನಾಲ್ಕನೇದು ಕಾಗುಣಿತ. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ಟ ಮತ್ತು ವ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕ್ತೀವಿ. ಹಾಕದೇ ಬರೆದರೆ ‘ಸಾಫ್ಟ್ವೇರ್’. ಯಂತ್ರದ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ ಸಂಕೇತಗಳ ಸಾಲು. ದೊಡ್ಡ ಹುಡುಕುತಾಣ ಸಂಭಾಳಿಸಬಹುದು, ಆದರೆ ನಿಮ್ಮ ಸೈಟಿನೊಳಗಿನ ಹುಡುಕು ಪೆಟ್ಟಿಗೆ ಸಂಭಾಳಿಸುತ್ತಾ? ಒಮ್ಮೆ ಪರೀಕ್ಷೆ ಮಾಡಿ. ಹಾಗೇ ಪುಟದ ತಲೆಯಲ್ಲಿ ಭಾಷೆ ಕನ್ನಡ ಅಂತ ಘೋಷಿಸಿ. ಎಷ್ಟೋ ಕನ್ನಡ ಪುಟಗಳು ಟೆಂಪ್ಲೇಟಿನ ದೆಸೆಯಿಂದ ಇವತ್ತಿಗೂ ತಮ್ಮನ್ನ ಇಂಗ್ಲಿಷ್ ಅಂತಲೇ ಪರಿಚಯಿಸಿಕೊಳ್ತಿವೆ.

ಹಾಗಾದರೆ ಎಲ್ಲಿಂದ ಶುರು?

ನನ್ನ ಮಾತು ಇಷ್ಟೇ. ದೂರದ ಸಮಸ್ಯೆಯನ್ನ ಕಡಲಡಿಯ ಕೇಬಲ್ಲು, ಸಿಡಿಎನ್ನು ಬಹುಪಾಲು ಬಗೆಹರಿಸಿವೆ. ಭಾರದ ಸಮಸ್ಯೆ ನಮ್ಮಂಥವರು ಒಂದು ಭಾನುವಾರ ಕೂತರೆ ಇಳಿಯುತ್ತೆ. ಗುರುತಿನ ಸಮಸ್ಯೆ ಮಾತ್ರ ತಾನಾಗಿ ಹೋಗಲ್ಲ.

ಅದಕ್ಕೇ ಕೇಳ್ತೀನಿ. ನಿಮ್ಮ ಊರಿನ ಸಂಘದಲ್ಲಿ, ನಿಮ್ಮ ಮೇಷ್ಟ್ರ ಮನೆಯಲ್ಲಿ, ನಿಮ್ಮಪ್ಪನ ಹಳೇ ಕಂಪ್ಯೂಟರಲ್ಲಿ ನುಡಿ, ಬರಹದ ಫೈಲು ಇವೆಯಾ? ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗ್ತವೆ. ಯಂತ್ರ ತೊಂಬತ್ತು ಪಾಲು ಸರಿ ಮಾಡಿದರೂ ಉಳಿದ ಹತ್ತು ಪಾಲಿಗೆ, ತಪ್ಪಿದ ಅರ್ಕಾವೊತ್ತಿಗೆ, ಊರಿನ ಹೆಸರಿಗೆ, ಬರೆದವರೇ ಬೇಕು. ಅವರು ಇರುವಾಗಲೇ ಕೂತು ತಿದ್ದಿಸಿಕೊಳ್ಳಿ. ಆಮೇಲೆ ಹಗುರವಾದ ಒಂದು ಪುಟದಲ್ಲಿ ಹಾಕಿ, ಸೈಟ್‌ಮ್ಯಾಪ್ ಕೊಡಿ, ಸರ್ಚ್ ಕನ್ಸೋಲಿನಲ್ಲಿ ನೋಂದಾಯಿಸಿ. ಈ ವಿದ್ಯೆ ನಮಗೆ ಬರುತ್ತೆ. ಸಂಬಳಕ್ಕೆ ದಿನಾ ಮಾಡ್ತೀವಲ್ಲ.

ಯಾವುದಾದರೂ ಹಳೇ ಫೈಲು ಹೀಗೆ ಬದುಕಿಸಿದರೆ ಕೆಳಗೆ ಬರೆದು ತಿಳಿಸಿ, ಮುಂದಿನ ಮಾತಿನಲ್ಲಿ ಹೇಳೋಣ.